ಸಾಲು ತಪ್ಪಿಸುವುದೋ, ಸಾಧನೆ ತೋರಿಸುವುದೋ?

ಅಮೆರಿಕದ ವಲಸೆ ಕಾನೂನಿನಲ್ಲಿ ಇಬಿ-1ಎ ಎಂಬ ಒಂದು ದಾರಿಯಿದೆ. ವಿಜ್ಞಾನ, ಕಲೆ, ಶಿಕ್ಷಣ, ವ್ಯಾಪಾರ, ಕ್ರೀಡೆ ಈ ಐದರಲ್ಲಿ ಯಾವುದಾದರೊಂದರಲ್ಲಿ ಅಸಾಧಾರಣ ಸಾಮರ್ಥ್ಯ ತೋರಿಸಿದವರು ಕಂಪನಿಯ ಹಂಗಿಲ್ಲದೆ, ತಾವೇ ಅರ್ಜಿ ಹಾಕಿ ಗ್ರೀನ್ ಕಾರ್ಡ್ ಕೇಳಬಹುದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ವಾರಾಂತ್ಯದ ಕನ್ನಡ ತರಗತಿ ಮುಗಿಯುವುದನ್ನು ಕಾಯುತ್ತ ಇಬ್ಬರು ಇದೇ ವಿಷಯ ಮಾತಾಡುತ್ತಿದ್ದಾರೆ. ಒಬ್ಬರು ತೀರ್ಥಹಳ್ಳಿ ಕಡೆಯಿಂದ ಬಂದ ಸಸ್ಯವಿಜ್ಞಾನಿ. 1990ರ ದಶಕದಲ್ಲಿ ಇದೇ ದಾರಿಯಲ್ಲಿ ಗ್ರೀನ್ ಕಾರ್ಡ್ ಪಡೆದವರು. ಇನ್ನೊಬ್ಬ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್. ವರ್ಷಗಳಿಂದ ತಾತ್ಕಾಲಿಕ ಕೆಲಸದ ಎಚ್-1ಬಿ ವೀಸಾದಲ್ಲಿ ಇರುವವನು. ಒಳಗೆ ಅವನ ಮಗಳು ಒತ್ತಕ್ಷರ ಕಲಿಯುತ್ತಿದ್ದಾಳೆ.

ಎಂಜಿನಿಯರ್: ಅಕ್ಕಾ, ಲಾಯರ್ ಜೊತೆ ಮಾತಾಡಿದೆ. ನೊಬೆಲ್, ಒಲಿಂಪಿಕ್ ಪದಕದಂಥದ್ದು ಇದ್ದರೆ ಅದೊಂದೇ ಸಾಕಂತೆ. ಇಲ್ಲದವರಿಗೆ ಹತ್ತು ಮಾನದಂಡ ಕೊಟ್ಟಿದ್ದಾರೆ, ಅದರಲ್ಲಿ ಮೂರು ದಾಟಬೇಕು. ನನಗೆ ನಾಲ್ಕು ಸಿಗುತ್ತೆ ಅಂದ್ರು.

ವಿಜ್ಞಾನಿ: ಯಾವ ನಾಲ್ಕು?

ಎಂಜಿನಿಯರ್: ಕ್ಷೇತ್ರದಲ್ಲಿ ಬೇರೆಯವರಿಗಿಂತ ಹೆಚ್ಚಿನ ಸಂಬಳ, ಅದು ಒಂದು. ಹೆಸರುವಾಸಿ ಸಂಸ್ಥೆಯಲ್ಲಿ ನಿರ್ಣಾಯಕ ಪಾತ್ರ, ಅದು ಎರಡು. ಬೇರೆಯವರ ಕೆಲಸಕ್ಕೆ ತೀರ್ಪುಗಾರನಾಗಿ ಕೂತದ್ದು ಮೂರನೆಯದು. ಹ್ಯಾಕಥಾನ್ ಅನ್ನುವ ಕೋಡಿಂಗ್ ಸ್ಪರ್ಧೆಗಳಲ್ಲಿ ಕೂತಿದ್ದೇನೆ, ಒಂದು ಸಮ್ಮೇಳನದ ಪ್ರಬಂಧಗಳನ್ನೂ ಪರಿಶೀಲಿಸಿದ್ದೇನೆ. ನಾಲ್ಕನೆಯದು ನಾನು ಬರೆದ ಸಾಫ್ಟ್‌ವೇರ್. ಕ್ಷೇತ್ರಕ್ಕೆ ಮಹತ್ವದ ಸ್ವಂತ ಕೊಡುಗೆ ಅಂತ.

ವಿಜ್ಞಾನಿ: ಲೆಕ್ಕ ಸರಿ ಇದೆ. ಆದರೆ ಲೆಕ್ಕ ಮೊದಲ ಮೆಟ್ಟಿಲು ಅಷ್ಟೆ. ಅರ್ಮೇನಿಯಾದ ಭೌತವಿಜ್ಞಾನಿ ಕಜಾರಿಯನ್ ಅವರ ಪ್ರಕರಣ ನಿನ್ನ ಲಾಯರ್ ಹೇಳಿರಬೇಕಲ್ಲ. 2010ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದಲ್ಲಿ ತೀರ್ಮಾನ ಆದದ್ದು. ವಿದ್ವತ್ ಲೇಖನ ಬರೆದಿರಬೇಕು ಅಂತ ಮಾನದಂಡ ಇದ್ದರೆ, ಅದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ಆ ಹಂತದಲ್ಲೇ ಹೊಸ ಷರತ್ತು ಸೇರಿಸುವ ಹಾಗಿಲ್ಲ, ಅದನ್ನು ಕೊನೆಯಲ್ಲಿ ಒಟ್ಟಾರೆ ತೂಗುವಾಗ ನೋಡಬಹುದು ಅಂತ ಕೋರ್ಟ್ ಹೇಳಿತು. ಅಷ್ಟು ಹೇಳಿಯೂ ಅವರಿಗೆ ದಕ್ಕಿದ್ದು ಎರಡೇ ಮಾನದಂಡ. ಅರ್ಜಿ ಬಿದ್ದುಹೋಯಿತು. ಆಮೇಲಿಂದ ವಲಸೆ ಇಲಾಖೆ ಎರಡು ಹಂತ ಮಾಡಿಕೊಂಡಿದೆ. ಮೊದಲು ಎಣಿಸುತ್ತಾರೆ, ಆಮೇಲೆ ತೂಗುತ್ತಾರೆ. ನೀನು ನಿನ್ನ ಕ್ಷೇತ್ರದ ತುದಿ ಮುಟ್ಟಿದ ಕೆಲವೇ ಜನರಲ್ಲಿ ಒಬ್ಬನಾ ಅನ್ನೋದು ಎರಡನೇ ಹಂತದ ಪ್ರಶ್ನೆ.

ಎಂಜಿನಿಯರ್: ಗೊತ್ತು. ಅದಕ್ಕೇ ಫೈಲ್ ಗಟ್ಟಿ ಮಾಡ್ತಾ ಇದ್ದೇನೆ.

ವಿಜ್ಞಾನಿ: ಫೈಲ್ ಆಮೇಲೆ ನೋಡೋಣ. ನೀನು ಭಾರತದಲ್ಲಿ ಹುಟ್ಟದೆ ಬೇರೆ ಯಾವುದಾದರೂ ಸಣ್ಣ ದೇಶದಲ್ಲಿ ಹುಟ್ಟಿದ್ದರೆ ಈ ಅರ್ಜಿ ಹಾಕ್ತಾ ಇದ್ದೆಯಾ?

ಎಂಜಿನಿಯರ್: ಇಲ್ಲ. ಹಾಕುವ ಅಗತ್ಯವೇ ಬರ್ತಿರಲಿಲ್ಲ. ನನ್ನ ಟೀಮಿನಲ್ಲಿ ನೇಪಾಳದವನೊಬ್ಬ ಇದ್ದಾನೆ. ನನಗಿಂತ ತಡವಾಗಿ ಅರ್ಜಿ ಹಾಕಿದ, ಅವನ ಕೈಗೆ ಕಾರ್ಡ್ ಬಂದು ಎಷ್ಟೋ ಕಾಲ ಆಯ್ತು. ಇಬ್ಬರದೂ ಒಂದೇ ಕೆಲಸ. 1990ರ ಕಾನೂನು ವರ್ಷಕ್ಕೆ 1,40,000 ಉದ್ಯೋಗಾಧಾರಿತ ಗ್ರೀನ್ ಕಾರ್ಡ್ ಇಟ್ಟಿತು. ನಾನಿರುವ ಇಬಿ-2 ವರ್ಗಕ್ಕೆ ಅದರಲ್ಲಿ ಶೇ 28.6, ಅಂದ್ರೆ ಸುಮಾರು 40,000. ಒಂದು ದೇಶಕ್ಕೆ ಶೇ 7ರ ಮಿತಿ ಅಂದ್ಮೇಲೆ ಭಾರತದ ಪಾಲು ಸುಮಾರು 2,800. ಹೆಂಡತಿ, ಮಕ್ಕಳನ್ನೂ ಅದರಲ್ಲೇ ಎಣಿಸ್ತಾರೆ. ಬೇರೆ ದೇಶದವರು ಬಿಟ್ಟದ್ದು ಸಿಕ್ಕಿದ ವರ್ಷ ಮಾತ್ರ ಒಂದಿಷ್ಟು ಹೆಚ್ಚು. ಮಿತಿ ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ನನ್ನ ಪ್ರಯಾರಿಟಿ ಡೇಟ್, ಅಂದ್ರೆ ಸಾಲಿಗೆ ಸೇರಿದ ದಿನ, 2015ರದ್ದು. 2025ರ ಬೇಸಿಗೆಯಲ್ಲಿ, ಸಾಲು ಎಲ್ಲಿಗೆ ಬಂತು ಅಂತ ತಿಂಗಳು ತಿಂಗಳು ಹೇಳುವ ವೀಸಾ ಬುಲೆಟಿನ್ ತೆಗೆದರೆ ಭಾರತದ ಇಬಿ-2 ಸಾಲು 2013ರ ಜನವರಿಯಲ್ಲಿ ನಿಂತಿತ್ತು. ಎಷ್ಟೋ ತಿಂಗಳು ಒಂದು ದಿನವೂ ಮುಂದೆ ಹೋಗಲಿಲ್ಲ.

ವಿಜ್ಞಾನಿ: ರಾಷ್ಟ್ರೀಯ ಹಿತದ ಹೆಸರಿನಲ್ಲಿ ವಿನಾಯಿತಿ ಕೇಳುವ ಇನ್ನೊಂದು ಅರ್ಜಿ ಇದೆಯಲ್ಲ?

ಎಂಜಿನಿಯರ್: ಅದರಿಂದ ಕಂಪನಿಯ ಹಂಗು ತಪ್ಪುತ್ತೆ, ಕಾಯುವುದು ತಪ್ಪಲ್ಲ. ಅದೂ ಇಬಿ-2 ಸಾಲೇ. ಇಬಿ-1ಎ ಒಪ್ಪಿದರೆ ಮಾತ್ರ ನನ್ನ 2015ರ ಪ್ರಯಾರಿಟಿ ಡೇಟ್ ಹಿಡ್ಕೊಂಡೇ ಮೇಲಿನ ಸಾಲಿಗೆ ಹೋಗಬಹುದು. ಅದೇ 2025ರ ಬೇಸಿಗೆಯಲ್ಲಿ ಅಲ್ಲಿ ಭಾರತೀಯರ ಸಾಲು 2022ರ ಫೆಬ್ರವರಿಯಲ್ಲಿತ್ತು. ಅಂದ್ರೆ ಒಪ್ಪಿಗೆ ಸಿಕ್ಕ ಮರುದಿನವೇ ನಾನು ಕೊನೆಯ ಅರ್ಜಿ ಹಾಕಬಹುದು.

ವಿಜ್ಞಾನಿ: ಹಾಗಾದರೆ ಇದು ಸಾಧನೆಯ ಮಾತಲ್ಲ ಮಾರಾಯ, ಸಾಲಿನ ಮಾತು. ಪಡಿತರ ಅಂಗಡಿಯ ಸಾಲು ಉದ್ದ ಆಯ್ತು ಅಂತ ಪಕ್ಕದ ಬಾಗಿಲಿಗೆ ಹೋಗಿ ನಿಂತ ಹಾಗೆ.

ಎಂಜಿನಿಯರ್: ಆ ಬಾಗಿಲನ್ನು ಕಾನೂನೇ ಇಟ್ಟಿದೆ. ಅಲ್ಲಿ ನಿಲ್ಲುವ ಯೋಗ್ಯತೆ ಇದ್ದರೆ ನಿಲ್ಲಲಿ ಅಂತಲೇ ಇಟ್ಟಿದೆ. ನಾನು ಇಬಿ-2 ಬಿಟ್ಟರೆ ನನ್ನ ಹಿಂದೆ ನಿಂತವರು ಒಂದು ಹೆಜ್ಜೆ ಮುಂದೆ ಬರ್ತಾರೆ. ಯಾರಿಗೆ ನಷ್ಟ?

ವಿಜ್ಞಾನಿ: ನಮ್ಮ ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಈಗಷ್ಟೇ ಪೋಸ್ಟ್‌ಡಾಕ್ ಮಾಡ್ತಾ ಇದ್ದಾಳೆ, ಅವಳಿಗೆ ನಷ್ಟ. ಅವಳಿಗೆ ಹಳೆಯ ಪ್ರಯಾರಿಟಿ ಡೇಟ್ ಇಲ್ಲ. ನಾನು ಅರ್ಜಿ ಹಾಕಿದಾಗ ಇಬಿ-1ರಲ್ಲಿ ಕಾಯುವ ಮಾತೇ ಇರಲಿಲ್ಲ. ಈಗ ಅಲ್ಲೂ ಭಾರತದವರಿಗೆ ವರ್ಷಗಟ್ಟಲೆ ಸಾಲು. ಬಹುರಾಷ್ಟ್ರೀಯ ಕಂಪನಿಗಳ ಮ್ಯಾನೇಜರ್‌ಗಳು, ಪ್ರೊಫೆಸರ್‌ಗಳು ಮೊದಲೇ ಅದೇ ಕೋಟಾದಲ್ಲಿದ್ದಾರೆ. ಈಗ 2015ರ ಚೀಟಿ ಹಿಡಿದು ನೀನು ಬಂದರೆ ಅವಳ ಮುಂದೆ ಹೋಗಿ ನಿಲ್ತೀಯ. ಕಾನೂನು ಒಪ್ಪುತ್ತೆ, ನಿಜ. ಆದರೆ ಯಾರಿಗೂ ನಷ್ಟ ಇಲ್ಲ ಅನ್ನಬೇಡ.

ಎಂಜಿನಿಯರ್: ಒಪ್ಪಿದೆ. ಆದರೆ ನನ್ನ ಕಡೆಯಿಂದಲೂ ನೋಡಿ. ಮಗಳು ಇಲ್ಲಿಗೆ ಬಂದಾಗ ಮೂರು ವರ್ಷ, ಈಗ ಹದಿನಾಲ್ಕು. ಇಪ್ಪತ್ತೊಂದು ದಾಟಿದರೆ ಅವಳು ನನ್ನ ಅರ್ಜಿಯ ಕೆಳಗೆ ಬರಲ್ಲ. ಈ ದೇಶದಲ್ಲೇ ಓದಿ ಬೆಳೆದವಳು ವಿದೇಶಿ ವಿದ್ಯಾರ್ಥಿಯ ವೀಸಾ ತಗೋಬೇಕು, ಇಲ್ಲವೇ ಹೊರಡಬೇಕು. ಸಾಲಿನ ನ್ಯಾಯ ದೊಡ್ಡದು ಅಂತ ಅವಳಿಗೆ ನಾನು ಹೇಗೆ ಹೇಳಲಿ?

ವಿಜ್ಞಾನಿ: ಅವಳಿಗೋಸ್ಕರ ನೀನು ಯಾವ ಬಾಗಿಲು ತಟ್ಟಿದರೂ ನಾನು ಬೇಡ ಅನ್ನಲ್ಲ. ಆ ಬಾಗಿಲಲ್ಲಿ ನಿಂತು ಏನು ಹೇಳ್ತೀಯ ಅನ್ನೋದರ ಬಗ್ಗೆ ನನಗೆ ಚಿಂತೆ. ಹ್ಯಾಕಥಾನ್ ತೀರ್ಪುಗಾರ ಅಂದೆಯಲ್ಲ, ನಿನ್ನನ್ನು ಅವರಾಗಿ ಕರೆದರಾ?

ಎಂಜಿನಿಯರ್: ಒಂದಕ್ಕೆ ಕರೆದರು. ಇನ್ನೊಂದಕ್ಕೆ ನಾನೇ ಅರ್ಜಿ ಹಾಕಿದೆ.

ವಿಜ್ಞಾನಿ: ಅರ್ಜಿ ಹಾಕಿಸಿದ್ದು ಯಾರು?

ಎಂಜಿನಿಯರ್: ಪ್ರೊಫೈಲ್ ಕಟ್ಟಿಕೊಡುವ ಒಬ್ಬ ಸಲಹೆಗಾರ. ಅವನ ಪಟ್ಟಿಯಲ್ಲಿ ಎಲ್ಲ ಇದೆ ಅಕ್ಕಾ. ಪ್ರವೇಶ ಶುಲ್ಕ ಕಟ್ಟಿದರೆ ಬರುವ ಪ್ರಶಸ್ತಿ, ಹಣ ಕೊಟ್ಟರೆ ಸದಸ್ಯತ್ವ ಕೊಡುವ ಸಂಘ, ನಮ್ಮ ಮೇಲೆ ಲೇಖನ ಬರೆಸುವ ಪತ್ರಿಕೆ. ಬೇರೆಯವರು ಬರೆದ ಸಂಶೋಧನಾ ಲೇಖನಕ್ಕೆ ನಮ್ಮ ಹೆಸರು ಸೇರಿಸುವುದಕ್ಕೂ ದರ ಇದೆ. ಅದ್ಯಾವುದೂ ಬೇಡ ಅಂದೆ. ಆದರೆ ತೀರ್ಪುಗಾರನಾಗಿ ಕೂತದ್ದು ಸುಳ್ಳಲ್ಲ. ವಿದ್ಯಾರ್ಥಿಗಳ ನಲವತ್ತು ಪ್ರಾಜೆಕ್ಟ್ ಕೂತು ನೋಡಿದ್ದೇನೆ, ಒಂದೊಂದಕ್ಕೂ ಟಿಪ್ಪಣಿ ಬರೆದಿದ್ದೇನೆ.

ವಿಜ್ಞಾನಿ: ಟಿಪ್ಪಣಿ ಬರೆದದ್ದು ಕೆಲಸ. ಅದನ್ನು ಒಪ್ಪುತ್ತೇನೆ. ಆದರೆ ಆ ಪಟ್ಟಿ ಇದೆಯಲ್ಲ, ಅದು ನಿಜವಾದ ಸಾಧಕರಿಗೂ ಕುತ್ತು. ನೂರು ಫೈಲಿನಲ್ಲಿ ಕೊಂಡ ಪ್ರಶಸ್ತಿ ನೋಡಿದ ಅಧಿಕಾರಿ ನೂರೊಂದನೆಯ ಫೈಲಿನ ಅಪ್ಪಟ ಪ್ರಶಸ್ತಿಯನ್ನೂ ಅನುಮಾನದಿಂದಲೇ ನೋಡುತ್ತಾನೆ. ಬೇಕೆಂದೇ ಸುಳ್ಳು ಹೇಳಿದ್ದು ರುಜುವಾತಾದರೆ ಈ ಅರ್ಜಿ ಒಂದೇ ಅಲ್ಲ, ಅಮೆರಿಕದ ಬಾಗಿಲೇ ಜೀವಮಾನಕ್ಕೆ ಮುಚ್ಚಬಹುದು. ಲೇಖನಕ್ಕೆ ಹೆಸರು ಸೇರಿಸುವವನು ಆ ಮಾತು ಹೇಳುವುದಿಲ್ಲ.

ಎಂಜಿನಿಯರ್: ನಿಮ್ಮ ಕಾಲದಲ್ಲಿ ಸುಲಭ ಇತ್ತು ಅಕ್ಕಾ. ನೀವು ವಿಜ್ಞಾನಿ. ಲೇಖನ, ಉಲ್ಲೇಖ, ಪರಿಶೀಲನೆ ಎಲ್ಲ ನಿಮ್ಮ ದಿನದ ಕೆಲಸದಲ್ಲೇ ಇತ್ತು. ಈ ಮಾನದಂಡಗಳನ್ನು ನಿಮ್ಮಂಥವರನ್ನು ಕಣ್ಣ ಮುಂದೆ ಇಟ್ಕೊಂಡೇ ಬರೆದಿದ್ದಾರೆ.

ವಿಜ್ಞಾನಿ: ಸ್ವಲ್ಪ ಮಟ್ಟಿಗೆ ನಿಜ. ನಾನು ಬೆಂಗಳೂರಿನ ಜಿಕೆವಿಕೆ ಕೃಷಿ ಕ್ಯಾಂಪಸ್ಸಿನಲ್ಲಿ, ಏಲಕ್ಕಿಗೆ ವೈರಸ್‌ನಿಂದ ಬರುವ ಕಟ್ಟೆ ರೋಗದಿಂದ ಶುರು ಮಾಡಿದವಳು. ಇಲ್ಲಿಗೆ ಬಂದಮೇಲೂ ಅದೇ ಜಾತಿಯ ವೈರಸ್‌ಗಳ ಮೇಲೆ ಕೆಲಸ. ನಮ್ಮ ಏಲಕ್ಕಿ ತೋಟದವರ ಕಷ್ಟ ಇಲ್ಲಿನ ಯಾವ ದೊಡ್ಡ ಪತ್ರಿಕೆಯಲ್ಲಿ ಬರುತ್ತೆ? ಅರ್ಜಿಗಾಗಿ ಲೈಬ್ರರಿಯಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್‌ನ ದಪ್ಪ ಸಂಪುಟಗಳನ್ನು ಇಳಿಸಿಕೊಂಡು, ಸೂಜಿಮೊನೆಯಂಥ ಅಕ್ಷರದಲ್ಲಿ ನನ್ನ ಹೆಸರು ಹುಡುಕಿ, ಪುಟಪುಟ ಜೆರಾಕ್ಸ್ ಮಾಡಿಸಿದ್ದೆ. ಯಾವ ದೇಶದ ಯಾರು ನನ್ನ ಕೆಲಸ ಬಳಸಿಕೊಂಡಿದ್ದಾರೆ ಅಂತ ನನಗೇ ಗೊತ್ತಾದದ್ದು ಆಗ. ಅದೊಂದು ಒಳ್ಳೆಯ ಪಾಠ ಆಯ್ತು. ಗುರುತು ಅನ್ನೋದು ಕೆಲಸದ ಬೆನ್ನಿಗೆ ಬರಬೇಕು. ಈಗ ಮೊದಲು ಗುರುತು ಸಂಪಾದಿಸಿ ಅಂತ ಹೇಳಿಕೊಡ್ತಾ ಇದ್ದಾರೆ.

ಎಂಜಿನಿಯರ್: ಗುರುತು ತಾನಾಗಿ ಬರದ ಕೆಲಸಗಳೂ ಇವೆಯಲ್ಲ? ಹಾಕಿ ಆಟಗಾರ ಗ್ರಿಮ್ಸನ್ ಪ್ರಕರಣ ನೋಡಿ, 1996ರದ್ದು. ಐಸ್ ಹಾಕಿಯಲ್ಲಿ ಅವರ ಪಾತ್ರ ಗೋಲು ಹೊಡೆಯುವುದಲ್ಲ. ಎದುರಾಳಿ ನಮ್ಮ ಒಳ್ಳೆಯ ಆಟಗಾರನ ಮೈಮೇಲೆ ಬಿದ್ದರೆ ಅವನನ್ನು ಎದುರಿಸುವುದು, ಹೊಡೆದಾಟಕ್ಕೂ ನಿಲ್ಲುವುದು. ವಲಸೆ ಇಲಾಖೆ ಅರ್ಜಿ ತಿರಸ್ಕರಿಸಿತು. ಇಲಿನಾಯ್‌ನ ಫೆಡರಲ್ ಕೋರ್ಟು ಇದೂ ಆ ಆಟದಲ್ಲಿ ಎಲ್ಲರೂ ಬಲ್ಲ ಪಾತ್ರ, ಅದರಲ್ಲಿ ಇವರು ಮೇಲಿನವರು ಅಂತ ಒಪ್ಪಿತು. ಅದರ ಹಿಂದಿನ ವರ್ಷ ಮ್ಯೂನಿ ಅನ್ನುವ ಇನ್ನೊಬ್ಬ ಆಟಗಾರರ ಪರವಾಗಿ ಅದೇ ಕೋರ್ಟು ನಿಂತಿತ್ತು. ಅವರು ಮೂರು ಸಲ ಸ್ಟ್ಯಾನ್ಲಿ ಕಪ್ ಗೆದ್ದ ತಂಡದ ರಕ್ಷಣಾ ಆಟಗಾರ, ತಾರೆಯಲ್ಲ. ನಾನೂ ರಕ್ಷಣಾ ಆಟಗಾರನೇ.

ವಿಜ್ಞಾನಿ: ಈ ಮಾತು ಒಪ್ಪಿದೆ. ನೀನು ರಕ್ಷಿಸಿದ್ದು ಏನು, ಹೇಳು.

ಎಂಜಿನಿಯರ್: ಒಬ್ಬರು ಫೋನಿನಲ್ಲಿ ಹಣ ಕಳಿಸ್ತಾರೆ ಅಂದ್ಕೊಳ್ಳಿ. ಗುಂಡಿ ಒತ್ತಿದ ಕ್ಷಣಕ್ಕೆ ನೆಟ್‌ವರ್ಕ್ ಹೋಗುತ್ತೆ. ಹೋಯ್ತೋ ಇಲ್ಲವೋ ಗೊತ್ತಾಗದೆ ಮತ್ತೆ ಒತ್ತುತ್ತಾರೆ. ಎರಡು ಸಲ ಹಣ ಕಟ್ ಆಗಬಾರದು. ಒಂದೇ ಸರ್ವರ್ ಆದರೆ ಕಷ್ಟ ಇಲ್ಲ. ಬೇರೆ ಬೇರೆ ಊರಿನ ಡೇಟಾ ಸೆಂಟರ್‌ಗಳು ಒಂದಕ್ಕೊಂದು ಮಾತಾಡದೆ ಇದ್ದಾಗಲೂ ಮೊದಲನೆಯ ಒತ್ತು ಯಾವುದು, ಎರಡನೆಯದು ಯಾವುದು ಅಂತ ಗುರುತಿಸಬೇಕು. ಅದಕ್ಕೆ ನಾನು ಬರೆದ ಕೋಡನ್ನು ಓಪನ್ ಸೋರ್ಸ್ ಮಾಡಿದೆವು. ಈಗ ಬೇರೆ ಕಂಪನಿಗಳೂ ಬಳಸ್ತಾ ಇವೆ. ಒಳ್ಳೆಯದಾಗಿ ನಡೆದರೆ ಏನೂ ಆಗಲ್ಲ. ಯಾರಿಗೂ ಗೊತ್ತೂ ಆಗಲ್ಲ.

ವಿಜ್ಞಾನಿ: ಇದನ್ನು ಬಿಟ್ಟು ಹ್ಯಾಕಥಾನ್ ಅಂತ ಶುರು ಮಾಡಿದೆಯಲ್ಲ! ಪತ್ರದಲ್ಲಿ ಏನು ಬರೆಸಿದ್ದೀಯ?

ಎಂಜಿನಿಯರ್: ಇಲ್ಲಿದೆ, ನನ್ನ ಹಳೆಯ ಡೈರೆಕ್ಟರ್ ಕೊಡುವ ಶಿಫಾರಸು ಪತ್ರದ ಕರಡು. ದೂರದರ್ಶಿ, ಜಗತ್ತಿನಾದ್ಯಂತ ಮನ್ನಣೆ ಪಡೆದವನು, ಉದ್ಯಮದ ದಿಕ್ಕನ್ನೇ ಬದಲಿಸಿದವನು ಅಂತ ಬರೆದಿದೆ.

ವಿಜ್ಞಾನಿ: ಈ ಮೂರು ಸಾಲನ್ನು ಯಾರ ಹೆಸರಿಗೆ ಬೇಕಾದರೂ ಹಚ್ಚಬಹುದು. ನಾನೂ ಎಷ್ಟೋ ಜನಕ್ಕೆ ಇಂಥ ಪತ್ರ ಬರೆದುಕೊಟ್ಟಿದ್ದೇನೆ, ಅದಕ್ಕೇ ಹೇಳ್ತೀನಿ. ನಿನ್ನ ಕೋಡು ಬರುವ ಮೊದಲು ಏನಾಗ್ತಿತ್ತು, ಆಮೇಲೆ ಏನಾಯ್ತು, ನಿನ್ನನ್ನು ಕಂಡೇ ಇರದ ಯಾವ ಕಂಪನಿ ಅದನ್ನು ಎತ್ತಿಕೊಂಡಿತು ಅಂತ ಬರೆಸು. ನಿನ್ನ ಕೈಕೆಳಗೆ ಕೆಲಸ ಮಾಡದವರು, ನಿನಗೆ ಸಂಬಳ ಕೊಡದವರು ಒಂದು ಪತ್ರ ಕೊಟ್ಟರೆ ಅದಕ್ಕೆ ಬೆಲೆ.

ಎಂಜಿನಿಯರ್: ಅಧಿಕಾರಿ ಸಾಫ್ಟ್‌ವೇರ್‌ನವನಲ್ಲ ಅಕ್ಕಾ. ನೂರಾರು ಪುಟದ ಫೈಲು ಅವನ ಮುಂದೆ ಇರುತ್ತೆ. ಪ್ರೀಮಿಯಂ ಶುಲ್ಕ ಕಟ್ಟಿದರೆ ಹದಿನೈದು ಕೆಲಸದ ದಿನದಲ್ಲಿ ಏನಾದರೊಂದು ಹೇಳಬೇಕು. ಡೇಟಾ ಸೆಂಟರ್ ಕಥೆ ಅವನಿಗೆ ತಲೆಗೆ ಹೋಗದೆ ಇದ್ದರೆ? ದೊಡ್ಡ ಮಾತು ಕಂಡರೆ ತಕ್ಷಣ ತಿಳಿಯುತ್ತೆ ಅಂತ ಸಲಹೆಗಾರ ಹೇಳ್ತಾನೆ.

ವಿಜ್ಞಾನಿ: ಹಣ ಎರಡು ಸಲ ಕಟ್ ಆಗಬಾರದು ಅನ್ನೋದು ನನಗೆ ತಿಳಿಯಿತಲ್ಲ, ಅವನಿಗೆ ಯಾಕೆ ತಿಳಿಯಲ್ಲ?

ಎಂಜಿನಿಯರ್: ನೀವು ನನ್ನನ್ನು ನಂಬಿ ಕೇಳಿಸಿಕೊಂಡಿರಿ. ಅವನು ಅನುಮಾನದಿಂದ ಓದ್ತಾನೆ. ನೀವೇ ಆಗ ಹೇಳಿದಿರಲ್ಲ.

ವಿಜ್ಞಾನಿ: ಹೇಳಿದೆ. ಆ ಅನುಮಾನಕ್ಕೆ ಪುರಾವೆ ಒಂದೇ ಉತ್ತರ ಅಂತ ನನ್ನ ನಂಬಿಕೆ. ಆದರೆ ಪುರಾವೆಯೇ ಹುಟ್ಟದ ಕೆಲಸಗಳು ನನ್ನ ಮನಸ್ಸನ್ನೂ ಕೊರೆಯುತ್ತವೆ. ನಮ್ಮ ಗ್ರೀನ್‌ಹೌಸ್‌ನಲ್ಲಿ ಒಬ್ಬರಿದ್ದರು. ಸೋಂಕಿನ ಗಿಡ ಯಾವುದು, ನೀರು ಹೆಚ್ಚಾಗಿ ಹಳದಿಯಾದ ಗಿಡ ಯಾವುದು ಅಂತ ಎಲೆ ತಿರುವಿ ನೋಡಿ ಹೇಳೋರು. ಪರೀಕ್ಷೆ ಮಾಡಿ ನೋಡಿದರೆ ಅವರು ಹೇಳಿದ್ದೇ ಸರಿ. ಅವರ ಕಣ್ಣಿಲ್ಲದೆ ನನ್ನ ಮೊದಲ ಒಳ್ಳೆಯ ಲೇಖನ ಇಲ್ಲ. ಲೇಖಕರ ಸಾಲಿನಲ್ಲಿ ಅವರ ಹೆಸರು ಇಲ್ಲ. ಹತ್ತು ಮಾನದಂಡದಲ್ಲಿ ಒಂದೂ ಅವರಿಗೆ ದಕ್ಕಲ್ಲ.

ಎಂಜಿನಿಯರ್: ಹಾಗಾದರೆ ನಾನು ಹೇಳಿದ್ದೇ ಆಯ್ತಲ್ಲ! ಅವರಿಗೂ ಒಬ್ಬ ಸಲಹೆಗಾರ ಸಿಕ್ಕು, ಇದನ್ನೆಲ್ಲ ಬರೆದಿಡಿ, ಯಾರಾದರೂ ದೊಡ್ಡವರ ಕೈಲಿ ಹೇಳಿಸಿ ಅಂದಿದ್ದರೆ ತಪ್ಪಾ? 2024ರ ಅಕ್ಟೋಬರ್‌ನಲ್ಲಿ ವಲಸೆ ಇಲಾಖೆಯೇ ತಂಡಕ್ಕೆ ಬಂದ ಪ್ರಶಸ್ತಿಯನ್ನೂ ಲೆಕ್ಕಕ್ಕೆ ತಗೋಬಹುದು ಅಂತ ಸ್ಪಷ್ಟಪಡಿಸಿತು. ಮರೆಯಲ್ಲಿರುವವರು ತಮ್ಮನ್ನು ತೋರಿಸಿಕೊಳ್ಳದಿದ್ದರೆ ಬೇರೆ ಯಾರು ತೋರಿಸ್ತಾರೆ?

ವಿಜ್ಞಾನಿ: ತೋರಿಸಿಕೊಳ್ಳುವುದು ತಪ್ಪಲ್ಲ. ನಮ್ಮ ಕಲಾವಿದರನ್ನು ನೋಡು. ಇಲ್ಲಿಗೆ ಬರುವ ಸಂಗೀತಗಾರರಿಗೆ ರಾಜ್ಯೋತ್ಸವ ಪ್ರಶಸ್ತಿ ಇದ್ದರೂ, ಅದು ರಾಷ್ಟ್ರಮಟ್ಟದಲ್ಲಿ ಮಾನ್ಯತೆ ಇರುವಂಥದ್ದು ಅಂತ ಕಾಗದ ಜೋಡಿಸಿ ತೋರಿಸಬೇಕು. ಪ್ರದರ್ಶನ ಕಲೆಯ ಮಾನದಂಡದಲ್ಲಿ ಟಿಕೆಟ್ ಗಳಿಕೆ, ರೆಕಾರ್ಡ್ ಮಾರಾಟ ಕೇಳ್ತಾರೆ. ರಾಮನವಮಿಯ ಪುಕ್ಕಟೆ ಕಛೇರಿಗೆ ಯಾವ ಟಿಕೆಟ್ ಗಳಿಕೆ? ಘಟ ಬಾರಿಸುವವರ ಹೆಸರು ಕರಪತ್ರದ ಕೊನೆಯ ಸಾಲಿನಲ್ಲಿ ಇರುತ್ತೆ. ಅವರು ವಿಮರ್ಶೆ ಹುಡುಕಬೇಕು, ಪತ್ರ ಕೇಳಬೇಕು, ಕತ್ತರಿಸಿ ಇಟ್ಟುಕೊಳ್ಳಬೇಕು. ಅದನ್ನು ನಾನು ಕಡಿಮೆ ಅನ್ನಲ್ಲ. ಆದರೆ ನಾಳೆ ಅವರು ಕಛೇರಿ ಒಪ್ಪಿಕೊಳ್ಳುವಾಗ ಸಂಗೀತಕ್ಕೆ ಒಳ್ಳೆಯದಾ ಅಂತ ಕೇಳದೆ ಫೈಲಿಗೆ ಒಳ್ಳೆಯದಾ ಅಂತ ಕೇಳಿಕೊಂಡರೆ? ನಿನಗೂ ಹಾಗೆ ಆಗಿಲ್ಲವಾ?

ಎಂಜಿನಿಯರ್: ಆಗಿದೆ. ಹೋದ ವರ್ಷ ಒಂದು ಭಾನುವಾರ ಕೋಡಿನ ಒಂದು ದೋಷ ಸರಿಮಾಡುವುದು ಬಿಟ್ಟು ಹ್ಯಾಕಥಾನಿಗೆ ಹೋದೆ. ದೋಷಕ್ಕೆ ಪ್ರಮಾಣಪತ್ರ ಕೊಡಲ್ಲವಲ್ಲ. ಆದರೆ ಇದನ್ನು ನನ್ನ ಗುಣದ ದೋಷ ಅಂತ ಮಾತ್ರ ನೋಡಬೇಡಿ. ಸಾಧಾರಣ ಒಳ್ಳೆಯ ಎಂಜಿನಿಯರಾಗಿ ಇರುವುದಕ್ಕೆ ಕಾನೂನು ಜಾಗ ಕೊಟ್ಟಿದ್ದರೆ ನಾನು ದೋಷವನ್ನೇ ಸರಿ ಮಾಡ್ತಾ ಕೂತಿರುತ್ತಿದ್ದೆ. ಇತ್ತ 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಆದೇಶ ಬಂತು. ಹತ್ತು ಲಕ್ಷ ಡಾಲರ್ ಕೊಡುಗೆ ಕೊಟ್ಟರೆ ಅದನ್ನೇ ಇಬಿ-1ಎ ವರ್ಗದ ಅರ್ಹತೆಗೆ ಪುರಾವೆ ಅಂತ ಎಣಿಸಬಹುದಂತೆ. ಗೋಲ್ಡ್ ಕಾರ್ಡ್ ಅಂತ ಅದರ ಹೆಸರು. ಹಣವೇ ಸಾಮರ್ಥ್ಯ ಅಂತ ಸರ್ಕಾರವೇ ಹೇಳುವಾಗ ನನ್ನ ನಲವತ್ತು ಟಿಪ್ಪಣಿ ಯಾಕೆ ಹಗುರ?

ವಿಜ್ಞಾನಿ: ಆ ಆದೇಶ ನೋಡಿ ನನಗೂ ಸಂಕಟ ಆಯಿತು. ನಾನು ಬಂದ ದಾರಿ ಅದು. ಆದರೆ ಅಲ್ಲಿ ಹಣಕ್ಕೆ ತೂಕ ಬಂತು ಅಂತ ನಾವು ನಮ್ಮ ತಕ್ಕಡಿಯನ್ನೂ ಸಡಿಲ ಮಾಡಿದರೆ, ಸಾಧನೆಗೆ ಅಂತ ಉಳಿದಿರುವ ಜಾಗವೂ ಹೋಗುತ್ತೆ. ನಾನಾಗಿದ್ದರೆ ಆ ಎರಡನೇ ಹ್ಯಾಕಥಾನನ್ನು ತೆಗೆದುಹಾಕಿ, ಕೋಡಿನ ಮೇಲೇ ನಿಲ್ಲುತ್ತಿದ್ದೆ.

ಎಂಜಿನಿಯರ್: ಕೋಡನ್ನು ಮುಂದೆ ಇಡ್ತೀನಿ, ಪತ್ರವನ್ನೂ ನೀವು ಹೇಳಿದ ಹಾಗೆ ಮತ್ತೆ ಬರೆಸ್ತೀನಿ. ಹ್ಯಾಕಥಾನ್ ತೆಗೆಯಲ್ಲ ಅಕ್ಕಾ. ನಾಲ್ಕರಲ್ಲಿ ಎರಡನ್ನು ಅಧಿಕಾರಿ ಒಪ್ಪದಿದ್ದರೆ ನಾನು ಮೂರರ ಕೆಳಗೆ ಬೀಳ್ತೀನಿ, ಕಜಾರಿಯನ್ ಬಿದ್ದ ಹಾಗೆ. ಎಣಿಕೆಯಲ್ಲೇ ಬಿದ್ದವನನ್ನು ತೂಗುವವರು ಯಾರು?

ವಿಜ್ಞಾನಿ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನಗೆ ಕಾಯುವ ಮಗಳು ಇರಲಿಲ್ಲ, ಕಾಯುವ ಸಾಲೂ ಇರಲಿಲ್ಲ. ಆದರೂ ಕೇಳ್ತೀನಿ: ಆ ಎರಡನೇ ಹ್ಯಾಕಥಾನಿಗೆ ಹೋದದ್ದು ಯಾಕೆ ಅಂತ ಅಧಿಕಾರಿ ಪ್ರಮಾಣ ಮಾಡಿಸಿ ಕೇಳಿದರೆ ಏನು ಹೇಳ್ತೀಯ?

ಎಂಜಿನಿಯರ್: ಕಾರ್ಡ್ ಬೇಕಿತ್ತು, ಅದಕ್ಕೆ ಹೋದೆ, ಹೋದಮೇಲೆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದೆ ಅಂತ ಹೇಳ್ತೀನಿ. ಎರಡೂ ನಿಜ.

ವಿಜ್ಞಾನಿ: ಮೊದಲನೆಯ ನಿಜ ಎರಡನೆಯದನ್ನು ತಿಂದುಹಾಕುತ್ತೆ ಅಂತ ನನಗೆ ಅನಿಸುತ್ತೆ.

ಎಂಜಿನಿಯರ್: ಎರಡನೆಯದೇ ನಿಲ್ಲುತ್ತೆ ಅಂತ ನನಗೆ ಅನಿಸುತ್ತೆ. ಪೂರ್ತಿ ಫೈಲ್ ಬುಧವಾರ ಕಳಿಸ್ತೀನಿ ಅಕ್ಕಾ. ಹ್ಯಾಕಥಾನಿನ ಪುಟಗಳನ್ನೂ ಸೇರಿಸಿಯೇ ಓದಿ.

ವಿಜ್ಞಾನಿ: ಓದ್ತೀನಿ. ಒಪ್ಪದ ಕಡೆ ಕೆಂಪು ಗೆರೆ ಎಳೆಯದೆ ಬಿಡಲ್ಲ.